ಸೊಪ್ಪು ಹಾಕೋ ಹೊತ್ತಿಗೆ ಏಳುವ ಜೋಡಿ

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಎರಡು ಶುಗರ್ ಗ್ಲೈಡರ್ ಸಾಕಿದ್ದ. ಪಿಜಿಯಲ್ಲಿ ಪ್ರಾಣಿ ಇಟ್ಕೊಳ್ಳೋ ಹಾಗಿಲ್ಲ ಅಂದ ಮೇಲೆ ಪಂಜರ ಸಮೇತ ತಂದು ನನ್ನ ರೂಮಿನಲ್ಲಿಟ್ಟ. "ಅಕ್ಕಾ, ಎರಡನ್ನೂ ಒಟ್ಟಿಗೇ ಇಡು, ಒಂಟಿಯಾದ್ರೆ ಕೊರಗ್ತವೆ" ಅಂತ ಹೇಳಿ ಬಸ್ ಹತ್ತಿದ. ಅಮ್ಮ "ಅಳಿಲು ಸಾಕೋಕೆ ಬೆಂಗಳೂರಿಗೆ ಹೋಗ್ಬೇಕಿತ್ತಾ" ಅಂದರು. ಅಳಿಲಲ್ಲ ಇದು. ಕಾಂಗರೂ ಥರ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಪ್ರಾಣಿ, ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಪೊರೆ ಇದೆ, ಅದನ್ನು ಬಿಚ್ಚಿಕೊಂಡು ಕಾಡಿನಲ್ಲಿ ಮರದಿಂದ ಮರಕ್ಕೆ 50 ಮೀಟರ್‌ವರೆಗೂ ತೇಲಿ ಹೋಗುತ್ತದೆ. ತೂಕ ನೋಡಿದರೆ 100-150 ಗ್ರಾಂ, ಅಷ್ಟೇ!

ಮೊದಮೊದಲು ಪಂಜರದೊಳಗೆ ಕೈ ಹಾಕಿದರೆ ಸಾಕು, ಹಳೇ ಲೂನಾ ಸ್ಟಾರ್ಟ್ ಮಾಡಿದ ಹಾಗೆ ಕರ್ರ್ ಅಂತ ಕೂಗುತ್ತಿದ್ದವು. ಅದು ಸಿಟ್ಟಲ್ಲ, ಹೆದರಿಕೆ. ಹಿಡಿಯೋಕೆ ಹೋಗದೆ, ನಾನು ಉಟ್ಟು ಬಿಟ್ಟ ನೂಲಿನ ಸೀರೆಯ ತುಂಡನ್ನು ಅವು ಮಲಗುವ ಚೀಲದಲ್ಲಿಟ್ಟೆ. ಇವು ಒಬ್ಬರನ್ನೊಬ್ಬರು ಗುರುತಿಸೋದೇ ವಾಸನೆಯಿಂದ. ಹಗಲಲ್ಲಿ ಹೇಗೂ ನಿದ್ದೆ, ಆ ಚೀಲವನ್ನೇ ಕುತ್ತಿಗೆಗೆ ಹಾಕಿಕೊಂಡು ಮನೆಯೊಳಗೆ ಓಡಾಡುತ್ತಿದ್ದೆ. ಬಂದವರೆಲ್ಲ ಏನಮ್ಮಾ ಅದು ಅಂತ ಕೇಳೋರು, ಹೇಳಿ ಹೇಳಿ ಸಾಕಾಯ್ತು.

ನಿಜವಾಗಿ ದೋಸ್ತಿ ಆಗಿದ್ದು ರಾತ್ರಿ. ನಾಲ್ಕನೇ ಜ್ವರ (ಹುಳು ಸೊಪ್ಪು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತೀವಿ) ಎದ್ದ ಮೇಲೆ ಹುಳು ಸೊಪ್ಪು ತಿನ್ನೋದಕ್ಕೆ ಲೆಕ್ಕವೇ ಇಲ್ಲ, ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಆ ಕೊನೇ ಹಂತದಲ್ಲೇ ಖರ್ಚಾಗುತ್ತದೆ. ಹಾಗಾಗಿ ನಾವು ಮಲಗೋದು ತಡ. ಊರೆಲ್ಲ ಮಲಗಿದಾಗ ಎದ್ದಿರುವವರು ಈ ಜೋಡಿ ಮತ್ತು ನಾನು! ಆ ರಾತ್ರಿ ಸೊಪ್ಪು ಹಾಕಿ, ಕೈಕಾಲು ತೊಳೆದು, ಸುಣ್ಣದ ಪುಡಿ ಉದುರಿಸದ ತಟ್ಟೆಯಿಂದ ಒಂದು ಹುಳು ತಂದು ರೂಮಿನ ಬಾಗಿಲು, ಕಿಟಕಿ ಹಾಕಿ ಪಂಜರ ತೆಗೆದೆ. ಗಂಡು ಬಂದು ಬೆರಳಿನಿಂದಲೇ ಕಿತ್ತುಕೊಂಡು ತಿಂದಿತು. ಹೆಣ್ಣು ಪಂಜರದ ನೆತ್ತಿಗೆ ಹತ್ತಿ, ತಲೆ ಮೇಲೆ ಕೆಳಗೆ ಮಾಡಿ ದೂರ ಅಳೆದು, ಸುಂಯ್ ಅಂತ ಹಾರಿ ನೇರ ನನ್ನ ಹೆಗಲ ಮೇಲೆ! ಉಗುರು ಚುಚ್ಚಿದ್ದು ಆಮೇಲೆ ಗೊತ್ತಾಯ್ತು. ನಾನು ಅಲ್ಲಾಡಲಿಲ್ಲ, ಅದು ಜಡೆಯೊಳಗೆ ಮೂಗು ತೂರಿಸಿ ಸುಮ್ನೆ ಕೂತುಬಿಟ್ಟಿತು.

ನಮ್ಮ ಕಡೆ ದ್ರಾಕ್ಷಿಗೇನು ಬರ, ಎಲ್ಲರೂ ತಂದುಕೊಡುತ್ತಾರೆ. ಬರೀ ಹಣ್ಣು ತಿನ್ನಿಸಿದರೆ ಕ್ಯಾಲ್ಸಿಯಂ ಕಡಿಮೆಯಾಗಿ ಹಿಂಗಾಲಿನ ಸ್ವಾಧೀನವೇ ತಪ್ಪಿಹೋಗುತ್ತದೆ, ಅದಕ್ಕೆ ನಾನು ಬೇಡ ಅಂತೀನಿ. ರೀಲ್ಸ್ ನೋಡಿ ಮುದ್ದಾಗಿದೆ ಅಂತ ತರುವವರು ಇನ್ನೊಂದು ಯೋಚಿಸಬೇಕು: ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಮೇಲೂ ಬದುಕುತ್ತವೆ, ರಾತ್ರಿ ನಾಯಿ ಥರ ಬೊಗಳುವುದೂ ಉಂಟು. ಹಸು, ಕುರಿ ನೋಡುವ ಡಾಕ್ಟರ್ ಎಲ್ಲ ಕಡೆ ಸಿಗ್ತಾರೆ, ಇವನ್ನು ನೋಡುವವರು?

ಮೊನ್ನೆ ತಮ್ಮ ಫೋನ್ ಮಾಡಿ, ಬಾಡಿಗೆ ಮನೆ ಸಿಕ್ಕಿದೆ, ಬಂದು ತಗೊಂಡು ಹೋಗ್ಲಾ ಅಂದ. ಈ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋಗಲಿ, ಆಮೇಲೆ ಮಾತಾಡೋಣ ಅಂದಿದ್ದೇನೆ.