ಕಾಫಿ ಹೂವಿಗೆ ವಾಸನೆನೇ ಇಲ್ವಲ್ಲ

ಮೂಡಿಗೆರೆ ಕಡೆ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ತೋಟವೆಲ್ಲ ಬೆಳ್ಳಗೆ. ಆ ಘಮ ಅಡುಗೆಮನೆಯವರೆಗೂ ನುಗ್ಗುತ್ತದೆ. ಅಂಥ ಒಂದು ಬೆಳಗ್ಗೆ ಜಗಲಿಯಲ್ಲಿ ಕೂತಿದ್ದ ಅಪ್ಪ, ‘ಈ ಸಲ ಹೂವಿಗೆ ವಾಸನೆನೇ ಇಲ್ವಲ್ಲ’ ಅಂದರು. ನಾವೆಲ್ಲ ನಕ್ಕೆವು. ನೆಗಡಿ ಇರಬೇಕು ಅಂತ ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟರು.

ಅದಾಗಿ ಐದಾರು ವರ್ಷಕ್ಕೆ ಅಪ್ಪನ ಚೆಕ್ ವಾಪಸ್ ಬಂತು. ಸಹಿ ತಾಳೆಯಾಗುತ್ತಿಲ್ಲವಂತೆ. ಅಪ್ಪನಿಗೆ ಸಿಟ್ಟೋ ಸಿಟ್ಟು. ನಾನು ಸುಮ್ನೆ ಹಳೇ ಬಟವಾಡೆ ಪುಸ್ತಕಗಳನ್ನು ತೆಗೆದು ನೋಡಿದೆ. ಗುಂಡಗಿನ ದಪ್ಪ ಅಕ್ಷರ ವರ್ಷ ವರ್ಷಕ್ಕೂ ಸಣ್ಣಗಾಗಿತ್ತು. ಕೊನೇ ಪುಸ್ತಕದಲ್ಲಿ ಇರುವೆ ಸಾಲು ಹೋದ ಹಾಗೆ.

ಬೆಂಗಳೂರಿನ ಡಾಕ್ಟರು ಅಪ್ಪನ ಕೈಲಿ ಒಂದು ಸಾಲು ಬರೆಸಿದರು, ಬೆರಳಿಗೆ ಬೆರಳು ತಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು. ಪಾರ್ಕಿನ್ಸನ್. ನಮ್ಮ ಕಡೆ ಕಂಪವಾತ ಅನ್ನುತ್ತಾರೆ, ಆದರೆ ಅಪ್ಪನ ಕೈ ಆಗ ಅಷ್ಟೇನೂ ನಡುಗುತ್ತಿರಲಿಲ್ಲ. ಮೂಗಿಗೆ ವಾಸನೆ ತಿಳಿಯದಾಗುವುದು, ಅಕ್ಷರ ಕುಗ್ಗುವುದು ಇವೇ ಎಷ್ಟೋ ಸಲ ಮೊದಲು ಬರುತ್ತವಂತೆ. ಕೈ ನಡುಗುವ ಹೊತ್ತಿಗೆ ಮಿದುಳಿನಲ್ಲಿ ಡೋಪಮೈನ್ ಅನ್ನುವ, ಮೈಕೈ ಆಡಿಸಲು ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳಲ್ಲಿ ದೊಡ್ಡ ಪಾಲು ಸತ್ತಿರುತ್ತದೆ.

‘ಔಷಧಿ ಹೊಡೀತಿದ್ರಾ?’ ಅಂತ ಡಾಕ್ಟರು ಕೇಳಿದರು.

ಹೊಡೀತಿದ್ದರು. ಕಳೆ ತೆಗೆಯಲು ಆಳು ಸಿಗದ ವರ್ಷಗಳು. ಬೆನ್ನಿಗೆ ಪಂಪು, ಕಾಲಿಗೆ ಹವಾಯಿ ಚಪ್ಪಲಿ. ಮುಚ್ಚಳದ ವಾಷರ್ ಸವೆದು ಸೋರುತ್ತಿತ್ತು, ಬನಿಯನ್ ಬೆನ್ನಿಗೆ ಅಂಟಿರುತ್ತಿತ್ತು. ನಾಝಲ್ ಕಟ್ಟಿಕೊಂಡರೆ ಬಾಯಲ್ಲೇ ಊದುತ್ತಿದ್ದರು. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಹೊಡೆದರೆ ಬಿಸಿಲಿಗೆ ಅವತ್ತೇ ಹುಲ್ಲು ಬಾಡುತ್ತದೆ. ಅಪ್ಪನಿಗೆ ಅದೇ ಖುಷಿ.

ಬಾಡುವುದೇಕೆ ಅಂತ ಆಮೇಲೆ ಓದಿದೆ. ಎಲೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವಾಗ ಓಡಾಡುವ ಎಲೆಕ್ಟ್ರಾನುಗಳನ್ನು ಪ್ಯಾರಾಕ್ವಾಟ್ ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಆ ಆಮ್ಲಜನಕ ಸುತ್ತಲಿದ್ದದ್ದನ್ನೆಲ್ಲ ಸುಡುತ್ತದೆ. ಪ್ಯಾರಾಕ್ವಾಟ್ ಮಾತ್ರ ಖರ್ಚಾಗುವುದಿಲ್ಲ, ಮತ್ತೆ ಕಸಿಯಲು ಹೊರಡುತ್ತದೆ. ಪ್ರಾಣಿಗಳ ಜೀವಕೋಶದಲ್ಲೂ ಅದರ ಕಸುಬು ಇದೇ.

ಇನ್ನೊಂದು ಕತೆ ಕೇಳಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ನಕಲಿ ಹೆರಾಯಿನ್ ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಕಲ್ಲಿನಂತೆ ಸೆಟೆದುಕೊಂಡರು. ಮುದುಕರ ಕಾಯಿಲೆ ಎಳೆಯರಿಗೆ! ಡಾಕ್ಟರ್ ವಿಲಿಯಂ ಲ್ಯಾಂಗ್‌ಸ್ಟನ್ ಬೆನ್ನು ಹತ್ತಿದಾಗ ಸಿಕ್ಕಿದ್ದು ಎಂಪಿಟಿಪಿ ಅನ್ನುವ ಕಲಬೆರಕೆ. ಅದು ಮಿದುಳಿಗೆ ಹೋಗಿ ಬದಲಾಗುವ ರೂಪಕ್ಕೂ ಪ್ಯಾರಾಕ್ವಾಟ್‌ಗೂ ರಚನೆಯಲ್ಲಿ ಬಹಳ ಹೋಲಿಕೆ. ಸಂಶೋಧಕರ ಕಣ್ಣು ಕಳೆನಾಶಕದ ಕಡೆ ತಿರುಗಿದ್ದು ಹೀಗೆ. 2011ರಲ್ಲಿ ಅಮೆರಿಕದ ಕೃಷಿ ಕುಟುಂಬಗಳ ಅಧ್ಯಯನವೊಂದು ಬಂತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು 2.5 ಪಟ್ಟು ಜಾಸ್ತಿ ಕಂಡಿತ್ತು.

ಹಾಗಂತ ನಮ್ಮಪ್ಪನಿಗೆ ಅದರಿಂದಲೇ ಬಂತು ಅಂತ ನಾನು ಹೇಳಲಾರೆ. ಔಷಧಿ ಮುಟ್ಟದವರಿಗೂ ಬರುತ್ತದೆ. ಜೀವಮಾನವಿಡೀ ಹೊಡೆದವರು ಗಟ್ಟಿಯಾಗಿಯೂ ಇದ್ದಾರೆ. ತಯಾರಕರೂ ಒಪ್ಪಿಲ್ಲ. ಆದರೆ ಯುರೋಪ್ ಒಕ್ಕೂಟದಲ್ಲಿ 2007ರಿಂದ, ಪಕ್ಕದ ಕೇರಳದಲ್ಲಿ 2011ರಿಂದ ಅದಕ್ಕೆ ನಿಷೇಧವಿದೆ. ನಮ್ಮ ಕಡೆ ಅಂಗಡಿಗೆ ಹೋಗಿ ಕೇಳಿದರೆ ಚೀಲದಲ್ಲಿ ಹಾಕಿ ಕೊಡುತ್ತಾರೆ.

ಅಪ್ಪ ಈಗ ಲೆವೊಡೋಪಾ ಮಾತ್ರೆ ಮೇಲಿದ್ದಾರೆ, ಮಿದುಳಿಗೆ ಹೋಗಿ ಡೋಪಮೈನ್ ಆಗುವ ಔಷಧಿ ಅದು. ಬೇಲಿ ಮೇಲೆ ಹಬ್ಬುವ ನಸುಗುನ್ನಿ ಬೀಜದಲ್ಲೂ ಅದೇ ಲೆವೊಡೋಪಾ ಇದೆ ಅಂತ ಗೊತ್ತಾದಾಗ ನಗು ಬಂತು. ಚಿಕ್ಕವರಿದ್ದಾಗ ಅದರ ಕಾಯಿ ತಗುಲಿ ಮೈಯೆಲ್ಲ ಕೆರೆದುಕೊಂಡು ಅತ್ತಿದ್ದೆವಲ್ಲ! (ಕಿತ್ತು ತಿನ್ನಲು ಹೋಗಬೇಡಿ ಮತ್ತೆ.)

ಅಣ್ಣ ಕಳೆ ಕತ್ತರಿಸುವ ಮೆಷಿನ್ ತಂದಿದ್ದಾನೆ. ಪೆಟ್ರೋಲು ಕುಡಿಯುತ್ತದೆ, ಇಳಿಜಾರಿನಲ್ಲಿ ಕೈ ಸೋಲುತ್ತದೆ ಅಂತ ಗೊಣಗುತ್ತಾನೆ. ಬೇಲಿಯಾಚೆಯ ತೋಟದಲ್ಲಿ ಇನ್ನೂ ಪಂಪೇ.

ಮೊನ್ನೆ ಅಲ್ಲೊಬ್ಬ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ಚಡ್ಡಿ ಹಾಕಿಕೊಂಡು ಎದುರುಗಾಳಿಗೆ ಹೊಡೆಯುತ್ತಿದ್ದ. ಜಗಲಿಯಿಂದ ಅಪ್ಪ, ‘ಗಾಳಿಗೆ ಬೆನ್ನು ಮಾಡಿ ಹೊಡಿಯೋ’ ಅಂದರು. ಅಪ್ಪನ ದನಿ ಈಗ ಅಂಗಳವನ್ನೂ ದಾಟುವುದಿಲ್ಲ. ಎರಡನೇ ಸಲ ಹೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಬೇಲಿ ಕಡೆ ಹೋದೆ.