ಅಣ್ಣನ ಕಬ್ಬು, ಪಾಸಿಯಾನೊನ ಕಬ್ಬು

29 ಡಿಸೆಂಬರ್ 2024, ಭಾನುವಾರ ರಾತ್ರಿ
ಮಕಾತಿ, ಮನಿಲಾ

ಮನಿಲಾದ ದಕ್ಷಿಣಕ್ಕಿರುವ ಕಲಂಬ ಎಂಬ ಊರಿಗೆ ಹೋಗಿ ಬಂದೆ. ಕಾಲು ಪದ ಹೇಳುತ್ತಿದೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ.

ಬೆಳಿಗ್ಗೆ ಅಣ್ಣ ಫೋನ್ ಮಾಡಿದ್ದ. ಅವನಾಗಿ ಮಾಡುವವನಲ್ಲ. "ಏನ್ಲಾ, ತಿಂದ್ಯಾ?" ಅಂದ. ತಿಂದೆ ಅಂದೆ. "ಫ್ಯಾಕ್ಟ್ರಿಯಿಂದ ಕಬ್ಬಿನ್ ಕಟಾವ್ ಆರ್ಡ್ರು ಇನ್ನೂ ಬಂದಿಲ್ಲ ಕಲಾ. ಹದಿನಾಕ್ ತಿಂಗ್ಳಾಯ್ತು, ಸೂಲಂಗಿ ಬಂದ್ಬುಡ್ತು. ಆಲೆಮನೆಗಾದ್ರೂ ಹಾಕ್ಬುಡಾನ ಅಂತ ನೋಡ್ತಿವ್ನಿ." ನಾನು ಹೂಂ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ, "ಸಂಕ್ರಾಂತಿಗೆ ಬತ್ತೀಯಾ?"

ನೋಡ್ತೀನಿ ಅಂದೆ. ಇನ್ನೆರಡು ವರ್ಷದ ಕಾಂಟ್ರಾಕ್ಟಿಗೆ ಶುಕ್ರವಾರವೇ ಸಹಿ ಹಾಕಿದ್ದೇನೆ. ಅದನ್ನು ಹೇಳಲಿಲ್ಲ.

ಫೋನ್ ಇಟ್ಟು ಮಂಕಾಗಿ ಕೂತಿದ್ದವನನ್ನು ಎಬ್ಬಿಸಿಕೊಂಡು ಹೋದದ್ದು ಮನೆ ಓನರ್ ಆತೆ. (ಇಲ್ಲಿ ಅಕ್ಕನಿಗೆ ಆತೆ ಅನ್ನುತ್ತಾರೆ, ಅಣ್ಣನಿಗೆ ಕೂಯ. ಬಂದ ಹೊಸದರಲ್ಲಿ ಅಂಗಡಿಯ ಹುಡುಗಿಯನ್ನೆಲ್ಲ ಜನ 'ಅತ್ತೆ' ಅಂತ ಯಾಕೆ ಕರೀತಾರೆ ಎಂದು ತಲೆ ಕೆಡಿಸಿಕೊಂಡಿದ್ದೆ.) ಆತೆಯ ತಂಗಿ ಮಗಳು ಕಾಲೇಜಿನಲ್ಲಿದ್ದಾಳೆ. ಈ ದೇಶದಲ್ಲಿ ಯಾವ ಡಿಗ್ರಿ ಓದಿದರೂ, ಸ್ಪೇನಿನ ಆಳ್ವಿಕೆಯನ್ನು ಟೀಕಿಸಿ ಬರೆದ ಇಲ್ಲಿಯ ರಾಷ್ಟ್ರನಾಯಕ ಹೊಸೆ ರಿಸಾಲ್ ಬಗ್ಗೆ ಒಂದು ಕೋರ್ಸ್ ಕಡ್ಡಾಯ. 1956ರಲ್ಲೇ ಕಾನೂನು ಮಾಡಿಬಿಟ್ಟಿದ್ದಾರೆ. ನಾಳೆ 30, ಸ್ಪೇನಿನವರು ಅವನನ್ನು ಗುಂಡಿಟ್ಟು ಕೊಂದ ದಿನ, ರಜೆ. ರಶ್ ಆಗುವ ಮೊದಲು ಕಲಂಬದಲ್ಲಿ ಅವನು ಹುಟ್ಟಿದ ಮನೆಯ ಫೋಟೋ ಬೇಕು ಅಸೈನ್‌ಮೆಂಟಿಗೆ.

ಮನೆಗೆ ಎದ್ದು ಕಾಣುವ ಹಸಿರು ಬಣ್ಣ. ಹಳೆಯದಲ್ಲ, 1950ರಲ್ಲಿ ಮತ್ತೆ ಕಟ್ಟಿದ್ದು. ಹುಡುಗಿ ಮಹಡಿ ಹತ್ತುತ್ತಲೇ ಪರೀಕ್ಷೆಗೆ ಒಪ್ಪಿಸುವ ಹಾಗೆ ರಿಸಾಲ್ ಪ್ರೀತಿಸಿದ ಹುಡುಗಿಯರ ಹೆಸರು ಹೇಳತೊಡಗಿದಳು. ಲಿಯೊನೊರ್ ರಿವೇರಾ, ಜಪಾನಿನ ಓ-ಸೇಯ್-ಸಾನ್, ಲಂಡನ್ನಿನ ಗರ್ಟ್ರೂಡ್ ಬೆಕೆಟ್, ಫ್ರಾನ್ಸಿನ ನೆಲ್ಲಿ ಬೂಸ್ತೆಡ್, ಕೊನೆಗೆ ಜೋಸೆಫೀನ್ ಬ್ರಾಕೆನ್. ಹಿಂದೆಯೇ ಅವನು ಓಡಾಡಿದ ಊರುಗಳ ಪಟ್ಟಿ: ಮ್ಯಾಡ್ರಿಡ್, ಪ್ಯಾರಿಸ್, ಹೈಡೆಲ್‌ಬರ್ಗ್, ಬರ್ಲಿನ್, ಘೆಂಟ್, ಹಾಂಗ್‌ಕಾಂಗ್. ಆತೆಯೂ ದನಿಗೂಡಿಸಿದಳು. ಮೂವತ್ತು ವರ್ಷದ ಹಿಂದೆ ಓದಿದ್ದು ಇನ್ನೂ ಬಾಯಿಪಾಠ. ಲಿಯೊನೊರಳ ಕಥೆ ಬಂದಾಗ ಇಬ್ಬರೂ ನಿಟ್ಟುಸಿರು ಬಿಟ್ಟರು. ಅವನು ಬರೆದ ಕಾಗದಗಳನ್ನು ಅವಳ ತಾಯಿಯೇ ಮುಚ್ಚಿಟ್ಟಳು, 1890ರಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರಿಗೆ ಕೊಟ್ಟು ಮದುವೆ ಮಾಡಿದಳು, ಮೂರೇ ವರ್ಷಕ್ಕೆ ಹುಡುಗಿ ತೀರಿಕೊಂಡಳು.

ನಾನು ಪಾಸಿಯಾನೊ ಬಗ್ಗೆ ಕೇಳಿದೆ. "ಅವನ ಕೂಯ," ಅಂದಳು ಹುಡುಗಿ. "ಆಮೇಲೆ ಜನರಲ್ ಆದ." ಅಷ್ಟೇ. ಅವನ ಮೇಲೆ ಪ್ರಶ್ನೆ ಬರಲ್ವಂತೆ.

ಅಲ್ಲೇ ನನಗೆ ಏನೋ ಚುಚ್ಚಿದ್ದು.

ಹನ್ನೊಂದು ಮಕ್ಕಳ ಮನೆ. ಗಂಡು ಇಬ್ಬರೇ, ಇಬ್ಬರಿಗೂ ಹತ್ತು ವರ್ಷ ಅಂತರ. ಪಾಸಿಯಾನೊ ಮನಿಲಾದಲ್ಲಿ ಫಾದರ್ ಬುರ್ಗೋಸ್ ಜೊತೆಗಿದ್ದು ಓದುತ್ತಿದ್ದ. 1872ರಲ್ಲಿ ಸ್ಪೇನಿನವರು ದಂಗೆಯ ಆರೋಪ ಹೊರಿಸಿ ಬುರ್ಗೋಸರ ಕತ್ತು ಬಿಗಿದು ಕೊಂದರು. ಇವನ ಓದು ಅಲ್ಲಿಗೆ ನಿಂತಿತು. ಇವರ ಮರ್ಕಾದೊ ಎಂಬ ಮನೆಹೆಸರು ಸರ್ಕಾರದ ಕಣ್ಣಿಗೆ ಬಿದ್ದಿತ್ತು. ಹಾಗಾಗಿ ತಮ್ಮ ಅದೇ ವರ್ಷ ಶಾಲೆಗೆ ಸೇರಿದ್ದು ರಿಸಾಲ್ ಎಂಬ ಹೆಸರಲ್ಲಿ. ಅಪಾಯದ ಹೆಸರು ಅಣ್ಣನಿಗೆ ಉಳಿಯಿತು.

ಅಣ್ಣ ಊರಿಗೆ ಬಂದು ಬೇಸಾಯಕ್ಕೆ ನಿಂತ. ಕಬ್ಬು! ಕಲಂಬದಲ್ಲಿ ಇವರು ಬೆಳೆಯುತ್ತಿದ್ದದ್ದೂ ಕಬ್ಬೇ. ನೆಲ ಮಾತ್ರ ಸ್ವಂತದ್ದಲ್ಲ, ಡೊಮಿನಿಕನ್ ಪಾದ್ರಿಗಳದ್ದು, ಇವರು ಗೇಣಿದಾರರು. 1882ರ ಮೇ 3ರಂದು ರಿಸಾಲ್ ಅಪ್ಪ ಅಮ್ಮನಿಗೂ ಹೇಳದೆ ಹಡಗು ಹತ್ತಿದ. ಹತ್ತಿಸಿದವನು ಪಾಸಿಯಾನೊ. ಅಕ್ಕ ಒಬ್ಬಳು ವಜ್ರದ ಉಂಗುರ ಕೊಟ್ಟಿದ್ದಳು, ಮ್ಯಾಡ್ರಿಡ್ಡಿನಲ್ಲಿ ಅದು ಗಿರವಿ ಅಂಗಡಿ ಸೇರಿತು. ಅವನು ಅಲ್ಲಿ ವೈದ್ಯ ಓದಿದ, ತತ್ವಶಾಸ್ತ್ರ ಓದಿದ, ಅಮ್ಮನ ಕಣ್ಣು ಮಂಜಾಗುತ್ತಿತ್ತೆಂದು ಪ್ಯಾರಿಸ್, ಹೈಡೆಲ್‌ಬರ್ಗಿನಲ್ಲಿ ಕಣ್ಣಿನ ಚಿಕಿತ್ಸೆ ಕಲಿತ. ಮುಂದೆ ಅಮ್ಮನ ಕಣ್ಣಿನ ಪೊರೆಯನ್ನು ತಾನೇ ತೆಗೆದ.

ಇಷ್ಟಕ್ಕೂ ದುಡ್ಡು ಹೋಗುತ್ತಿದ್ದದ್ದು ಕಲಂಬದಿಂದ. ಪಾಸಿಯಾನೊನ ಕಾಗದಗಳಲ್ಲಿ ದೇಶಭಕ್ತಿಗಿಂತ ಬೆಳೆಯ ಸುದ್ದಿ, ಸಕ್ಕರೆ ದರ ಬಿದ್ದ ಸುದ್ದಿಯೇ ಹೆಚ್ಚು. ಈ ವರ್ಷ ಹೀಗಾಯಿತು, ಕಳಿಸುವುದು ತಡವಾಯಿತು, ಅಂಥವು. 1884ರ ಜೂನ್‌ನಲ್ಲಿ ರಿಸಾಲ್ ಒಂದು ದಿನ ಹಸಿದ ಹೊಟ್ಟೆಯಲ್ಲೇ ಹೋಗಿ ಗ್ರೀಕ್ ಸ್ಪರ್ಧೆ ಗೆದ್ದ. ಅದೇ ರಾತ್ರಿ ಚಿತ್ರಕಾರರಾದ ಲೂನಾ ಮತ್ತು ಹಿದಾಲ್ಗೊ ಅವರಿಗೆ ಏರ್ಪಡಿಸಿದ್ದ ಔತಣದಲ್ಲಿ ಎದ್ದು ನಿಂತು ಹೆಸರುವಾಸಿಯಾದ ಭಾಷಣ ಮಾಡಿದ. ಬರ್ಲಿನ್ನಿನ ಚಳಿಯಲ್ಲಿ ಮೊದಲ ಕಾದಂಬರಿ 'ನೋಲಿ ಮೆ ತಾಂಗೆರೆ'ಯ ಹಸ್ತಪ್ರತಿ ಇಟ್ಟುಕೊಂಡು ಕಾಸಿಲ್ಲದೆ ಕೂತಿದ್ದಾಗ ಗೆಳೆಯ ವಿಯೋಲಾ 300 ಪೆಸೊ ಕೈಗಡ ಕೊಟ್ಟ. 1887ರಲ್ಲಿ 2,000 ಪ್ರತಿ ಅಚ್ಚಾಯಿತು. ಆ ಸಾಲ ತೀರಿದ್ದು ಅಣ್ಣ ಕಳಿಸಿದ ಹಣ ತಡವಾಗಿ ಕೈ ಸೇರಿದ ಮೇಲೆ. ಪುಸ್ತಕದ ಹಿಂದೆ ಎಷ್ಟು ಗಾಡಿ ಕಬ್ಬಿತ್ತೋ.

ತಮ್ಮ ಪಾದ್ರಿಗಳ ದಬ್ಬಾಳಿಕೆಯ ಬಗ್ಗೆ ಬರೆದ, ಅವರು ಸಿಟ್ಟಾದರು. ಗೇಣಿ ವ್ಯಾಜ್ಯ ಶುರುವಾಯಿತು. ತಮ್ಮ ಯುರೋಪಿನಲ್ಲಿದ್ದಾಗಲೇ ಅಣ್ಣನನ್ನು ಮಿಂಡೊರೊ ದ್ವೀಪಕ್ಕೆ ಗಡಿಪಾರು ಮಾಡಿದರು, ಸಂಸಾರವನ್ನು ಮನೆಯಿಂದ ಹೊರಹಾಕಿದರು. 1896ರಲ್ಲಿ ತಮ್ಮನ ವಿರುದ್ಧ ಸಹಿ ಹಾಕು ಎಂದು ಪಾಸಿಯಾನೊಗೆ ಚಿತ್ರಹಿಂಸೆ ಕೊಟ್ಟರು. ಹಾಕಲಿಲ್ಲ. ಡಿಸೆಂಬರ್ 30ರ ಬೆಳಿಗ್ಗೆ ತಮ್ಮನನ್ನು ಕೊಂದರು. ಅಣ್ಣ ಆಮೇಲೂ 33 ವರ್ಷ ಬದುಕಿದ್ದ.

ವಾಪಸು ಬರುವಾಗ ಬುಕೊ ಪೈ ತೆಗೆದುಕೊಂಡೆವು. ಎಳನೀರಿನ ಗಂಜಿ ತುಂಬಿದ ಪೈ, ನನಗೇನೂ ರುಚಿಸಲ್ಲ, ಆತೆಗೆ ಪ್ರಾಣ. ಬಸ್ಸಿನಲ್ಲಿ ಅಣ್ಣನ ವಿಷಯ ಹೇಳಿದೆ. ಅಪ್ಪ ಹೋದಾಗ ಅವನು ಪಿಯುಸಿ ಬಿಟ್ಟದ್ದು, ನನ್ನ ಎಂಜಿನಿಯರಿಂಗ್ ಫೀಸಿಗೆ ಪ್ರತಿ ವರ್ಷ ಕಬ್ಬಿನ ಬಿಲ್ ಕಾಯುತ್ತಿದ್ದದ್ದು.

ಆತೆ ಕಿಟಕಿ ನೋಡುತ್ತಲೇ ಕೇಳುತ್ತಿದ್ದಳು. "ನಮ್ಮ ಕೂಯ ಹದಿನಾಲ್ಕು ವರ್ಷ ಸೌದಿಯಲ್ಲಿದ್ದ," ಅಂದಳು. "ನಮ್ಮನ್ನೆಲ್ಲ ಓದಿಸಿದ. ವಾಪಸು ಬಂದಾಗ ಏರ್‌ಪೋರ್ಟಿನಲ್ಲಿ ನನಗೆ ಗುರುತೇ ಸಿಗಲಿಲ್ಲ. ಹಲ್ಲು ಬಿದ್ದಿತ್ತು."

"ಏನಾದ್ರೂ ಕೇಳಿದ್ರಾ ಅವರು ಆಮೇಲೆ?"

"ಏನು ಕೇಳೋದು?"

"ಅದೇ... ವಾಪಸು."

ಆತೆ ನನ್ನ ಮುಖ ನೋಡಿದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ಅವನು ಕೇಳಲ್ಲ. ನೀನೇ ಎಷ್ಟು ಅಂತ ಕೇಳಬೇಕು," ಅಂದವಳು ಪೈ ಡಬ್ಬಿಯನ್ನು ತೊಡೆ ಮೇಲೆ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.

ಈಗ ಇಲ್ಲಿ ಹನ್ನೊಂದು. ಊರಲ್ಲಿ ಎಂಟೂವರೆ. ಅಣ್ಣ ಉಂಡು ಜಗಲಿ ಮೇಲೆ ಕೂತಿರುತ್ತಾನೆ. ಮಾಡಿದರೆ ಮೊದಲು "ಉಂಡ್ಯಾ" ಅಂತಾನೆ. ಕಟಾವಿನ ಆಳುಗಳಿಗೆ ಎಷ್ಟು ಬೇಕು ಅಂದರೆ "ನಿಂಗ್ಯಾಕ್ಲಾ ಅದೆಲ್ಲ" ಅಂತಾನೆ. ಕಾಂಟ್ರಾಕ್ಟಿನ ವಿಷಯ ಮೊದಲು ಹೇಳಲೋ, ದುಡ್ಡಿನದು ಮೊದಲೋ. ದುಡ್ಡು ಮೊದಲು ಅಂದರೆ, ಬರದೇ ಇರೋದಕ್ಕೆ ಕೊಡ್ತಿದ್ದಾನೆ ಅಂದುಕೊಂಡು