ಬೋರ್‌ವೆಲ್‌ನಿಂದ ಲೋಟದವರೆಗೆ

ಪಾವಗಡ ತಾಲ್ಲೂಕಿನ ಹಳ್ಳಿಗೆ ನೀರಿನ ಪರೀಕ್ಷೆಗೆಂದು ಹೋಗುವ ವಿದ್ಯಾರ್ಥಿಗಳು ನೀರುಗಂಟಿ ವಾಲ್ವ್ ತಿರುಗಿಸುವ ಹೊತ್ತಿಗೆ ಊರಲ್ಲಿರಬೇಕು. ನಲ್ಲಿಯಲ್ಲಿ ನೀರು ಬರುವುದು ಸ್ವಲ್ಪ ಹೊತ್ತು, ಅದೂ ಕರೆಂಟ್ ಇದ್ದರೆ. ಬಿಸಿಲೇರಿದ ಮೇಲೆ ಬಸ್ಸಿಳಿದವರಿಗೆ ಸಿಗುವುದು ಡ್ರಮ್ಮಿನಲ್ಲಿ ನಿಂತ ನೀರು, ಹೊಲಕ್ಕೆ ಹೋದವರ ಮನೆಯ ಬೀಗ. ಹಾಗಾಗಿ ಈ ಸಲದ ನಮ್ಮ ತಂಡ ಹಿಂದಿನ ರಾತ್ರಿಯೇ ಬಂದು ಶಾಲೆಯಲ್ಲಿ ಉಳಿದಿತ್ತು.

ಒಂದೇ ನೀರನ್ನು ನಾಲ್ಕು ಕಡೆ ಹಿಡಿಯುವುದು ಅಂದಿನ ಕೆಲಸ. ಬೋರ್‌ವೆಲ್ ಬಾಯಿ, ಓವರ್‌ಹೆಡ್ ಟ್ಯಾಂಕು, ಬೀದಿಯ ಕೊನೆಯ ನಲ್ಲಿ, ಆಮೇಲೆ ಆ ಬೀದಿಯ ಮನೆಯೊಂದರಲ್ಲಿ ಕುಡಿಯುವ ಲೋಟ. ಎಷ್ಟೋ ವರದಿಗಳು ಬೋರ್‌ವೆಲ್‌ನಲ್ಲೇ ಮುಗಿದುಹೋಗುತ್ತವೆ. ಅಲ್ಲಿ ಬ್ಯಾಕ್ಟೀರಿಯಾ ಇಲ್ಲ ಎಂದು ಬರೆದ ಊರಲ್ಲೇ ಮಕ್ಕಳು ಭೇದಿಯಿಂದ ಆಸ್ಪತ್ರೆ ಸೇರುತ್ತಾರೆ.

ಕಲ್ಮಶದ ಪರೀಕ್ಷೆಗೆ ಹೈಡ್ರೋಜನ್ ಸಲ್ಫೈಡ್ ಶೀಶೆ ಸಾಕು; ಮಲದ ಬ್ಯಾಕ್ಟೀರಿಯಾ ಆ ಅನಿಲವನ್ನು ಉಂಟುಮಾಡಿದರೆ ಒಳಗಿನ ನೀರು ಕಪ್ಪಾಗುತ್ತದೆ. ನಲ್ಲಿಯ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಶೀಶೆಯ ಒಳಬಾಯಿ ಮುಟ್ಟದೆ ಗುರುತಿನವರೆಗೆ ತುಂಬಬೇಕು. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಕಲ್ಮಶವಿದೆ ಎಂಬ ಶಂಕೆ. ಚಳಿಗಾಲದ ರಾತ್ರಿ ಶೀಶೆ ತಣ್ಣಗಾದರೆ ಬಣ್ಣ ತಡವಾಗುತ್ತದೆ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಕೊಳೆತ ಮೊಟ್ಟೆಯ ವಾಸನೆ ಬರುವ ಬೋರ್‌ವೆಲ್ ನೀರಿನಲ್ಲಿ ಸಲ್ಫೈಡ್ ಮೊದಲೇ ಇರುವುದರಿಂದ ಶೀಶೆ ಸುಮ್ಮನೆ ಕಪ್ಪಾಗುವುದೂ ಉಂಟು. ಲ್ಯಾಬಿನ ಖಾತ್ರಿ ಇಲ್ಲದೆ ಊರಿಗೆ ಏನನ್ನೂ ಸಾರಬಾರದು.

ಲೋಟದ ಮಾದರಿಗೆ ಮಾತ್ರ ಸ್ಪಿರಿಟ್ ಬೇಡ. ‘ಕುಡಿಯೋಕೆ ಸ್ವಲ್ಪ ನೀರು ಕೊಡಿ’ ಎಂದು ಕೇಳಿ, ಹೇಗೆ ಮೊಗೆಯುತ್ತಾರೆ ನೋಡಬೇಕು. ಹಿಡಿಯಿಲ್ಲದ ಚೊಂಬನ್ನು ಕೊಡಕ್ಕೆ ಇಳಿಸಿದಾಗ ನಾಲ್ಕೂ ಬೆರಳು ನೀರಲ್ಲಿ ಮುಳುಗುತ್ತವೆ. ಉದ್ದ ಹಿಡಿಯ ಸೌಟು ಇದ್ದ ಮನೆಯಲ್ಲಿ ಮುಳುಗುವುದಿಲ್ಲ. ಇಷ್ಟು ಚಿಕ್ಕ ಸಂಗತಿ ಯಾವ ಪ್ರಶ್ನಾವಳಿಯಲ್ಲೂ ಸಿಗದು.

ಕೊನೆಯ ನಲ್ಲಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿಗೆ ನೀರಿನ ಒತ್ತಡ ಸಾಲದೆ ಜನ ಗುಂಡಿ ತೋಡಿ, ನಲ್ಲಿ ಕಿತ್ತು, ಪೈಪಿನ ಬಾಯಿಯನ್ನೇ ನೆಲಮಟ್ಟಕ್ಕಿಂತ ಕೆಳಗಿಟ್ಟಿರುತ್ತಾರೆ. ಅವರನ್ನು ದೂರಿ ಫಲವಿಲ್ಲ, ಬಿಂದಿಗೆ ತುಂಬಬೇಕಲ್ಲ! ವಾಲ್ವ್ ನಿಲ್ಲಿಸಿದ ಕೂಡಲೇ ಪೈಪು ಬರಿದಾಗುತ್ತಾ ಗುಂಡಿಯ ಕೊಚ್ಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ಮೊದಲ ಬಿಂದಿಗೆಗೆ ಬರುವುದು ಅದೇ ನೀರು. ಅಂದು ಆ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಹಾಕಿದ್ದರಲ್ಲಿ ನೀರಲ್ಲಿ ಮಿಕ್ಕಿರುವ ಕ್ಲೋರಿನ್, ಇರಲೇ ಇಲ್ಲ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಕಾರಣ ಟ್ಯಾಂಕಿನ ಕೆಳಗೇ ಇತ್ತು: ಬಾಯಿ ಬಿಚ್ಚಿ ಇಟ್ಟ ಬ್ಲೀಚಿಂಗ್ ಪೌಡರ್ ಚೀಲ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪುಡಿಯಲ್ಲಿ ಶೇ. 33ರಷ್ಟು ಇದ್ದರೆ 300 ಗ್ರಾಂ ಸಾಕು. ಗಾಳಿ, ತೇವ ತಾಗಿ ಶೇ. 15ಕ್ಕೆ ಇಳಿದಿದ್ದರೆ 670 ಗ್ರಾಂ ಹಾಕಬೇಕು. ನೀರುಗಂಟಿಗೆ ಹೇಳಿಕೊಟ್ಟ ಅಳತೆ ಹೊಸ ಪುಡಿಯದ್ದು. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯುವುದೂ ತಪ್ಪು. ಬಕೆಟ್ಟಿನಲ್ಲಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ತಿಳಿಯನ್ನಷ್ಟೇ ಹಾಕಬೇಕು, ಗಸಿ ಬರೀ ಸುಣ್ಣ. ಆಮೇಲೆ ಅರ್ಧ ಗಂಟೆಯಾದರೂ ಕಳೆಯದೆ ನೀರು ಬಿಡಬಾರದು.

ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡಿನ ದಾರಿ ಬೇರೆ. ಅದು ಬೋರ್‌ವೆಲ್‌ನಿಂದಲೇ ಬರುತ್ತದೆ, ಆದ್ದರಿಂದ ಅದರ ಮಾದರಿಯನ್ನು ಅಲ್ಲೇ, ಕ್ಲೋರಿನ್ ಸೇರುವ ಮೊದಲೇ, ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಬೇಕು. ಕ್ಲೋರಿನ್ ಇದ್ದರೆ ಪರೀಕ್ಷೆಯ ಕಿಟ್ಟಿನ ಬಣ್ಣ ಮಾಸಿ ತಪ್ಪು ಅಂಕಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ.

‘ಯಾವ ನೀರು ಕುಡೀತೀರ?’ ಎಂದರೆ ‘ಫಿಲ್ಟರ್ ನೀರು’ ಎಂಬ ಉತ್ತರ ಬರುತ್ತದೆ. ಅಲ್ಲಿಗೇ ಪೆನ್ನು ಮುಚ್ಚುವ ವಿದ್ಯಾರ್ಥಿಗಳೇ ಹೆಚ್ಚು. ಮುದ್ದೆಗೆ, ಸಾರಿಗೆ, ಅನ್ನಕ್ಕೆ ಯಾವುದು ಎಂದು ಕೇಳಿದರೆ ನಲ್ಲಿ ನೀರು! ಮುದ್ದೆಯ ನೀರನ್ನು ಬಸಿಯುವುದಿಲ್ಲ, ಇದ್ದ ಫ್ಲೋರೈಡ್ ಅಷ್ಟೂ ಹೊಟ್ಟೆಗೆ ಹೋಗುತ್ತದೆ. 20 ಲೀಟರ್ ಕ್ಯಾನ್ ಹೊತ್ತು ತರುವವರು ಅಡುಗೆಗೂ ಅದನ್ನೇ ಬಳಸಲಿ ಎನ್ನುವುದು ಸುಲಭ. ಫಿಲ್ಟರ್ ನೀರಿನ ಘಟಕ ಮನೆಯಿಂದ ಎಷ್ಟು ದೂರ, ಹೊರುವವರು ಯಾರು ಎಂಬುದನ್ನೂ ಬರೆದುಕೊಳ್ಳಬೇಕು.

ಮಕ್ಕಳ ಹಲ್ಲನ್ನು ಹಗಲು ಬೆಳಕಿನಲ್ಲಿ, ಹತ್ತಿಯಿಂದ ಒರೆಸಿ ನೋಡಬೇಕು. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನ ಕಲೆ ಎಡಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಅಡ್ಡಗೆರೆಯಾಗಿ ಕೂತಿರುತ್ತದೆ, ಕೆರೆದರೆ ಹೋಗದು. ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಅದು. ಆಗ ಮಗು ಅಜ್ಜಿಯ ಊರಲ್ಲಿ ಬೆಳೆದಿದ್ದರೆ ಆ ಹಲ್ಲು ಅಜ್ಜಿಯ ಊರಿನ ಬೋರ್‌ವೆಲ್ ಬಗ್ಗೆ ಹೇಳುತ್ತದೆ.

ಮರುದಿನ ಕಪ್ಪಾದದ್ದು ಕೊನೆಯ ನಲ್ಲಿಯ ಮತ್ತು ಲೋಟದ ಶೀಶೆಗಳು. ಬೋರ್‌ವೆಲ್‌ನದೂ ಟ್ಯಾಂಕಿನದೂ ಹಾಗೇ ಇದ್ದವು. ಕಪ್ಪಾದ ಎರಡು ಕಡೆಯಿಂದ ಮತ್ತೆ ನೀರು ಹಿಡಿದು ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕಳಿಸಿ, ನಾಲ್ಕು ಶೀಶೆಗಳನ್ನೂ ಪಂಚಾಯಿತಿಯ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ನೀರುಗಂಟಿ ಮೊದಲು ಕೇಳಿದ್ದು ಗುಂಡಿಯ ನಲ್ಲಿಯನ್ನು ಮೇಲೆತ್ತಲು ಎಷ್ಟು ಅಡಿ ಪೈಪು ಬೇಕು ಎಂದು.